ಸ್ಟಿಕರಿನಲ್ಲಿ 95/91 ಅಂತಿದೆ: ಟರ್ಬೊ ಕಾರಿಗೆ ಸಾದಾ ಪೆಟ್ರೋಲೋ, 95ಓ, 100ಓ?

ಎರಡನೇ ಗೇರು
2021ರ ಕಾರು. 1.0 ಲೀಟರ್, ಮೂರು ಸಿಲಿಂಡರ್, ಟರ್ಬೊ, ಡೈರೆಕ್ಟ್ ಇಂಜೆಕ್ಷನ್, 45 ಲೀಟರ್ ಟ್ಯಾಂಕು. ಪೆಟ್ರೋಲ್ ಹಾಕೋ ಬಾಗಿಲ ಒಳಮೈಗೆ ಅಂಟಿಸಿರೋ ಸ್ಟಿಕರಿನಲ್ಲಿ "95/91" ಅಂತಿದೆ. ಓಡಾಟ ಹೆಚ್ಚಾಗಿ ಬೆಂಗಳೂರಿನ ಒಳಗೆ, ತಿಂಗಳಿಗೊಂದು ಸಲ ಶಿರಾಡಿ ಇಳಿದು ಮಂಗಳೂರು, ಹತ್ತಿ ವಾಪಸ್. ಈಗ ಹಾಕ್ತಿರೋದು ಸಾದಾ ಪೆಟ್ರೋಲ್.

ಕೇಳಬೇಕಿರೋದು ಇಷ್ಟು: ಆ ಗೆರೆಯ ಆಚೆ ಈಚೆ ಎರಡು ಅಂಕಿ ಯಾಕೆ? 91 ಹಾಕ್ತಾ ಹೋದ್ರೆ ಇಂಜಿನ್ ಹಾಳಾಗುತ್ತಾ? 100 ಆಕ್ಟೇನ್ ಹಾಕಿದ್ರೆ ಪಿಕಪ್ ಜಾಸ್ತಿ ಆಗುತ್ತಾ?

ಉಳಿತಾಯ ಖಾತೆ
ಸಾದಾ ಹಾಕಿ, ದುಡ್ಡು ಉಳಿಸಿ. 95, 97, 99, 100 ಎಲ್ಲಾ ಬೋರ್ಡಿನ ಬಣ್ಣ.

ಟೈಮಿಂಗ್ ಚೈನ್
ಉಳಿತಾಯದವರೇ, ಒಂದೇ ಏಟಿಗೆ ತಳ್ಳಿಹಾಕಬೇಡಿ. ಸ್ಟಿಕರ್ ಅಂಟಿಸಿದ್ದು ಬಂಕಿನವರಲ್ಲ, ಕಾರು ಮಾಡಿದವರು.

ಗೆರೆಗೆ ಮುಂಚಿನ 95, ಇಂಜಿನನ್ನು ಯಾವ ಪೆಟ್ರೋಲಿಗೆ ಟ್ಯೂನ್ ಮಾಡಿದ್ದಾರೆ ಅನ್ನೋದು. ಆಮೇಲಿನ 91, ಅದಕ್ಕಿಂತ ಕೆಳಗೆ ಇಳಿಯಬೇಡಿ ಅನ್ನೋದು. ಇಂಥ ಸ್ಟಿಕರ್ ಇರೋ ಕಾರಿನ ಮ್ಯಾನ್ಯುಯಲ್ ತೆಗೆದು ನೋಡಿ, 95 ಹಾಕಿ, ಸಿಗದಿದ್ದರೆ 91 ನಡೆಯುತ್ತೆ, ಶಕ್ತಿ ಸ್ವಲ್ಪ ಇಳಿಯಬಹುದು ಅಂತಲೇ ಇರುತ್ತೆ. ಹಾಳಾಗುತ್ತೆ ಅಂತ ಇರಲ್ಲ.

ಯಾಕೆ ಇಳಿಯುತ್ತೆ? ಆಕ್ಟೇನ್ ಹೆಚ್ಚಾದ್ರೆ ಪೆಟ್ರೋಲಿನಲ್ಲಿ ಶಕ್ತಿ ಹೆಚ್ಚಿರುತ್ತೆ ಅನ್ನೋದು ತಪ್ಪು ತಿಳಿವಳಿಕೆ. ಅದು ಪೆಟ್ರೋಲಿನ ತಾಳ್ಮೆಯ ಅಳತೆ. ಪ್ಲಗ್ ಕಿಡಿ ಹಾರಿಸಿದ ಮೇಲೆ ಉರಿ ನಡುವಿನಿಂದ ಸಿಲಿಂಡರ್ ಗೋಡೆ ಕಡೆಗೆ ಸರಾಗವಾಗಿ ಹರಡಬೇಕು. ಆ ಉರಿ ತಲುಪೋ ಮೊದಲೇ ಗೋಡೆ ಪಕ್ಕದ ಮಿಶ್ರಣ ಒತ್ತಡ ಮತ್ತು ಬಿಸಿ ತಡೆಯಲಾರದೆ ತಾನಾಗಿ ಸಿಡಿದರೆ ಅದೇ ನಾಕಿಂಗ್. 91ಕ್ಕೆ ತಾಳ್ಮೆ ಕಡಿಮೆ, 95ಕ್ಕೆ ಹೆಚ್ಚು.

ನಿಮ್ಮ ಇಂಜಿನ್ ಬ್ಲಾಕಿಗೆ ಬೋಲ್ಟ್ ಮಾಡಿರೋ ನಾಕ್ ಸೆನ್ಸರ್ ಈ ಸಿಡಿತದ ಕಂಪನಕ್ಕೇ ಕಿವಿಗೊಟ್ಟಿರುತ್ತೆ. ಸಣ್ಣ ಕಾರುಗಳ ಬೋರ್‌ಗೆ ಅದು ಹೆಚ್ಚು ಕಡಿಮೆ 7 ಕಿಲೋಹರ್ಟ್ಸ್. ಸಿಡಿತ ಸಿಕ್ಕ ತಕ್ಷಣ ಇಸಿಯು (ಇಂಜಿನ್ ನಡೆಸೋ ಕಂಪ್ಯೂಟರ್) ಕಿಡಿಯನ್ನು ಒಂದೆರಡು ಡಿಗ್ರಿ ತಡ ಮಾಡುತ್ತೆ, ಆಮೇಲೆ ಮೆಲ್ಲಗೆ ಹಳೇ ಜಾಗಕ್ಕೆ ತರುತ್ತೆ. ಮತ್ತೆ ಸಿಡಿದರೆ ಮತ್ತೆ ತಡ. ಹೀಗೆ ತಡವಾದಷ್ಟೂ ಪಿಸ್ಟನ್ ಮೇಲೆ ಬೀಳಬೇಕಾದ ಒತ್ತಡ ಬಿಸಿಯಾಗಿ ಸೈಲೆನ್ಸರ್ ಕಡೆ ಹೋಗುತ್ತೆ. ಆ ಬಿಸಿ ಟರ್ಬೊಗೂ ಕ್ಯಾಟಲಿಟಿಕ್ ಕನ್ವರ್ಟರಿಗೂ ಆಗಬರಲ್ಲ ಅಂತ ಇಸಿಯು ಇನ್ನಷ್ಟು ಪೆಟ್ರೋಲ್ ಸುರಿದು ತಣಿಸುತ್ತೆ. ಎಳೆತವೂ ಹೋಯ್ತು, ಮೈಲೇಜೂ ಹೋಯ್ತು.

ಸಿಟಿ ಟ್ರಾಫಿಕ್‌ನಲ್ಲಿ ಅರ್ಧ ತುಳಿತದಲ್ಲಿ ಇದು ಯಾವುದೂ ಆಗಲ್ಲ. ಅಲ್ಲಿ 91 ಸಾಕು.

ಬಿಸಿಲೂರು ರಾಯಚೂರು
ಮೇ ತಿಂಗಳ 42 ಡಿಗ್ರಿಯಲ್ಲಿ ಎಸಿ ಹಾಕ್ಕೊಂಡು, ಐದು ಜನ ಕೂತು ಹೊಂಟ್ರ ಅರ್ಧ ತುಳಿತನೂ ಪೂರ್ತಿ ತುಳಿತ ಆಗತೈತ್ರಿ. ಒಳಗ ಹೋಗೋ ಗಾಳಿ ಬಿಸಿ ಆದಷ್ಟೂ ನಾಕಿಂಗ್ ಜಲ್ದಿ. ಬೆಂಗಳೂರಿನ ತಂಪಿನ್ಯಾಗ ಕುಂತು ಸಾದಾ ಸಾಕು ಅನ್ನೋದು ಸಲೀಸು.

ಟೈಮಿಂಗ್ ಚೈನ್
ಸರಿ ಹೇಳಿದ್ರಿ. ಬೆಂಗಳೂರಿಗೆ ಇನ್ನೊಂದು ಅನುಕೂಲವೂ ಇದೆ. ಸುಮಾರು 900 ಮೀಟರ್ ಎತ್ತರ, ಗಾಳಿಯ ಒತ್ತಡ ಸಮುದ್ರ ಮಟ್ಟಕ್ಕಿಂತ ಶೇ. 10ರಷ್ಟು ಕಡಿಮೆ. ಟರ್ಬೊ ಇಲ್ಲದ ಇಂಜಿನ್ ಅಷ್ಟು ಕಡಿಮೆ ಗಾಳಿ ಎಳೆದುಕೊಳ್ಳುತ್ತೆ, ಸಿಲಿಂಡರ್ ಒಳಗಿನ ಒತ್ತಡವೂ ಇಳಿಯುತ್ತೆ, ನಾಕಿಂಗ್ ಭಯವೂ ಇಳಿಯುತ್ತೆ. ಅಮೆರಿಕದ ಬೆಟ್ಟದ ರಾಜ್ಯಗಳಲ್ಲಿ ಇದೇ ಲೆಕ್ಕದ ಮೇಲೆ ಕಡಿಮೆ ಆಕ್ಟೇನ್ ಪೆಟ್ರೋಲ್ ಮಾರ್ತಾರೆ. ಟರ್ಬೊಗೆ ಮಾತ್ರ ಈ ಅನುಕೂಲ ಪೂರ್ತಿ ಸಿಗಲ್ಲ, ಕಡಿಮೆ ಬಿದ್ದ ಗಾಳಿಯನ್ನು ಅದು ಬೂಸ್ಟ್ (ಟರ್ಬೊ ತಳ್ಳೋ ಗಾಳಿಯ ಒತ್ತಡ) ಏರಿಸಿ ತುಂಬಿಕೊಳ್ಳುತ್ತೆ.

ಕುಡ್ಲದ ಸ್ಟೇರಿಂಗ್
ಹಾಗಾದ್ರೆ ಇವರ ಸಮಸ್ಯೆ ಇರುವುದು ವಾಪಸ್ ಬರುವಾಗ ಮಾರಾಯ್ರೆ. ಮಂಗಳೂರಿನ ಸೆಖೆ, ತಗ್ಗಿನ ದಪ್ಪ ಗಾಳಿ, ಗುಂಡ್ಯ ದಾಟಿದ ಮೇಲೆ ಲಾರಿ ಹಿಂದೆ ಎರಡನೇ ಮೂರನೇ ಗೇರಿನಲ್ಲಿ ಹತ್ತುವುದು. ಸಕಲೇಶಪುರ ಮುಟ್ಟುವಾಗ 900 ಮೀಟರ್ ಮೇಲೆ ಉಂಟು. ಇಂಜಿನಿಗೆ ಇಡೀ ತಿಂಗಳಲ್ಲಿ ಕಷ್ಟದ ಗಂಟೆ ಅದೇ. ಬೆಂಗಳೂರಿನಿಂದ ಬರುವಾಗ 95 ತುಂಬಿಸಿ ಶಿರಾಡಿ ಇಳಿದರೆ ಏನು ಪ್ರಯೋಜನ? ಇಳಿಜಾರಿನಲ್ಲಿ ಪೆಟ್ರೋಲೇ ಬೇಡ. ವಾಪಸ್ ಹೊರಡುವ ಮುಂಚೆ ಮಂಗಳೂರಿನಲ್ಲಿ ತುಂಬಿಸಬೇಕು.

ಲೆಕ್ಕದ ಪುಸ್ತಕ
ಅದಕ್ಕೆ ಅಂಕಿ ಹಾಕೋಣ. ಟ್ಯಾಂಕಿನಲ್ಲಿ 10 ಲೀಟರ್ 91 ಉಳಿದಿದೆ, ಮೇಲೆ 35 ಲೀಟರ್ 95 ಹಾಕಿದಿರಿ. (10×91 + 35×95) ÷ 45 = 94.1. ಅರ್ಧ ಟ್ಯಾಂಕಿದ್ದಾಗ ಹಾಕಿದರೆ 93ಕ್ಕೇ ನಿಲ್ಲುತ್ತೆ. ಕರಾರುವಾಕ್ಕಾಗಿ ಆಕ್ಟೇನ್ ಹೀಗೆ ನೇರ ಸರಾಸರಿಗೆ ಬರಲ್ಲ, ಟ್ಯಾಂಕು ತುಂಬಿಸೋ ಮಟ್ಟಿಗೆ ಸಾಕು.

ದುಡ್ಡಿನ ಲೆಕ್ಕ: ಸಾದಾ 103, 95 ಆದ್ರೆ 111, 100 ಆದ್ರೆ 160 ಅಂತಿಟ್ಕೊಳ್ಳಿ (ನಿಮ್ಮ ಬಂಕಿನ ಬೋರ್ಡ್ ನೋಡಿ ತಿದ್ದಿಕೊಳ್ಳಿ). ಸಾದಾದಲ್ಲಿ ಲೀಟರಿಗೆ 15 ಕಿ.ಮೀ. ಬರ್ತಿದ್ರೆ, 95 ಹಾಕಿದ ದುಡ್ಡು ವಾಪಸ್ ಬರೋಕೆ 16.2 ಬರಬೇಕು. 100ಕ್ಕೆ 23.3 ಬರಬೇಕು. ಮೊದಲನೆಯದು ಸಿಟಿಯಲ್ಲಿ ಬರೋದು ಕಷ್ಟ, ಎರಡನೆಯದು ಯಾವ ಜನ್ಮಕ್ಕೂ ಬರಲ್ಲ.

ಬೆಂಗಳೂರು-ಮಂಗಳೂರು ಹೋಗಿಬರೋದು 700 ಕಿ.ಮೀ. ಅಂದ್ರೆ 47 ಲೀಟರ್, ಪೂರ್ತಿ 95 ಹಾಕಿದ್ರೂ ಹೆಚ್ಚಾಗೋದು 375 ರೂಪಾಯಿ ಹತ್ತಿರ. ಕುಡ್ಲದವರು ಹೇಳಿದ ಹಾಗೆ ವಾಪಸಿಗೆ ಮಾತ್ರ ಅಂದ್ರೆ ಇನ್ನೂರರ ಒಳಗೆ. ದಾರಿಯಲ್ಲಿ ಎರಡು ಮಸಾಲೆ ದೋಸೆ ಕಾಫಿ.

ಉಳಿತಾಯ ಖಾತೆ
ಅದನ್ನೇ ನಾನು ಹೇಳಿದ್ದು. ಒಂದೇ ಸಾಲಲ್ಲಿ.

ಪ್ಲಗ್ ಗ್ಯಾಪ್
ಇಲ್ಲಿ ಯಾರೂ ಕೇಳದ ಪ್ರಶ್ನೆ: ಈಗ ಸಾದಾ ನಾಜಲ್‌ನಲ್ಲಿ ಬರ್ತಿರೋದು ನಿಜವಾಗಲೂ 91 ಏನು? ಬಿಎಸ್2 (ಭಾರತ್ ಸ್ಟೇಜ್, ಸರ್ಕಾರದ ಹೊಗೆ ಮಾನದಂಡ) ಕಾಲದಲ್ಲಿ ಕನಿಷ್ಠ 88 ಇತ್ತು, ಬಿಎಸ್3ರಿಂದ 91. ಈಗ ಎಲ್ಲಾ ಕಡೆ ಇ20. ಪೆಟ್ರೋಲಿಯಂ ಸಚಿವಾಲಯ 2025ರ ಆಗಸ್ಟಿನಲ್ಲಿ ಕೊಟ್ಟ ವಿವರಣೆ ಪ್ರಕಾರ ಶೇ. 20 ಇಥನಾಲ್ ಬೆರೆಸಿದ ಮೇಲೆ ಅದು 95 ಮುಟ್ಟುತ್ತೆ. ಹಾಗಿದ್ರೆ ಇವರು ಈಗಾಗಲೇ 95ರಲ್ಲೇ ಓಡಿಸ್ತಿದ್ದಾರೆ, 8 ರೂಪಾಯಿ ಯಾತಕ್ಕೆ?

ಟೈಮಿಂಗ್ ಚೈನ್
ಒಳ್ಳೇ ಪ್ರಶ್ನೆ, ಇದಕ್ಕೆ ಒಂದೇ ಮಾತಿನ ಉತ್ತರ ಇಲ್ಲ. ಇಥನಾಲಿನದೇ ಆಕ್ಟೇನ್ 108ರ ಆಸುಪಾಸು, ಅದು ಆವಿಯಾಗುವಾಗ ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಬಿಸಿ ಹೀರುತ್ತೆ. ಡೈರೆಕ್ಟ್ ಇಂಜೆಕ್ಷನ್‌ನಲ್ಲಿ ಸಿಲಿಂಡರಿನ ಒಳಗೇ ಸಿಂಪಡಿಸೋದ್ರಿಂದ ಆ ತಂಪು ಪೂರ್ತಿ ಸಿಗುತ್ತೆ. ನಾಕಿಂಗ್ ಮಟ್ಟಿಗೆ ಇ20 ಒಳ್ಳೇದೇ.

ಆದರೆ ಬೆರೆಸೋ ಮೂಲ ಪೆಟ್ರೋಲ್ ಎಷ್ಟಿತ್ತು ಅನ್ನೋದರ ಮೇಲೆ ಕೊನೇ ಅಂಕಿ ನಿಲ್ಲುತ್ತೆ. ಇಥನಾಲ್ ಹೇಗೂ ಏರಿಸುತ್ತೆ ಅಂತ ರಿಫೈನರಿಯಲ್ಲಿ ಮೂಲವನ್ನೇ ಕಡಿಮೆ ಆಕ್ಟೇನಿನದು ತಯಾರಿಸಬಹುದು, ಇದು ಜಗತ್ತಿನಲ್ಲೆಲ್ಲಾ ಇರೋ ಪದ್ಧತಿ, ಮೋಸ ಅಲ್ಲ. 95 ಅಂತ ಬೋರ್ಡ್ ಹಾಕಿ ಮಾರಿದ್ದಕ್ಕೆ 95 ಕನಿಷ್ಠ ಅನ್ನೋ ಕರಾರಿದೆ. ಬೋರ್ಡಿಲ್ಲದ ನಾಜಲಿನಲ್ಲಿ 95 ಬಂದ್ರೆ ಲಾಭ ಅಂದ್ಕೊಳ್ಳಿ. ಅದಕ್ಕೇ ನಾನು ಹೇಳೋದು, ಅಂಕಿ ಬಗ್ಗೆ ಜಗಳ ಬಿಡಿ, ಕಾರನ್ನೇ ಕೇಳಿ. ಟೈಮಿಂಗ್ ತಡ ಮಾಡ್ತಿದೆಯೋ ಇಲ್ಲವೋ ಅದೇ ಹೇಳುತ್ತೆ.

ಎರಡನೇ ಗೇರು
ಕಾರನ್ನ ಕೇಳೋದು ಹೇಗೆ?

ಟೈಮಿಂಗ್ ಚೈನ್
ಬ್ಲೂಟೂತ್ ಒಬಿಡಿ ಡಾಂಗಲ್ (ಇಸಿಯುನಲ್ಲಿರೋ ಅಂಕಿಗಳನ್ನ ಫೋನಿಗೆ ಕಳಿಸೋ ಸಣ್ಣ ಸಾಧನ) ಒಂದು ತಗೊಳ್ಳಿ, ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಚುಚ್ಚಿ, ಫೋನಿನ ಆ್ಯಪಿನಲ್ಲಿ ನಾಲ್ಕು ಅಂಕಿ ದಾಖಲಿಸೋಕೆ ಹಾಕಿ: ಇಗ್ನಿಷನ್ ಟೈಮಿಂಗ್ ಅಡ್ವಾನ್ಸ್ (ಕಿಡಿ ಎಷ್ಟು ಡಿಗ್ರಿ ಮುಂಚೆ ಹಾರುತ್ತೆ ಅನ್ನೋದು), ಇಂಜಿನ್ ಲೋಡ್, ಆರ್‌ಪಿಎಂ, ಒಳಗೆ ಹೋಗೋ ಗಾಳಿಯ ಬಿಸಿ. ಫೋನನ್ನ ಪಕ್ಕದಲ್ಲಿ ಕೂತವರ ಕೈಗೆ ಕೊಡಿ.

ಖಾಲಿ ಏರು ರಸ್ತೆ, ಮೂರನೇ ಗೇರು, 2000ದಿಂದ 3500 ಆರ್‌ಪಿಎಂವರೆಗೆ ಪೂರ್ತಿ ತುಳಿತ. ಅದೇ ರಸ್ತೆ, ಅದೇ ಹೊತ್ತು, ಮೂರು ಸಲ. ಆಮೇಲೆ ದೀಪ ಹತ್ತೋವರೆಗೂ ಖಾಲಿ ಮಾಡಿ 95 ತುಂಬಿಸಿ. ದೀಪ ಹತ್ತಿದಾಗಲೂ 6 ಲೀಟರ್ ಉಳಿದಿರುತ್ತೆ ಅಂದ್ರೆ ಮಿಶ್ರಣ 94.5 ಆಗುತ್ತೆ, ಪರವಾಗಿಲ್ಲ. ಇಸಿಯು ಹಳೇ ಕಲಿಕೆ ಬಿಡೋಕೆ ನೂರಿನ್ನೂರು ಕಿ.ಮೀ. ಓಡಿಸಿ, ಮತ್ತೆ ಅದೇ ಪರೀಕ್ಷೆ. ಒಂದೇ ಆರ್‌ಪಿಎಂ, ಒಂದೇ ಲೋಡಿನಲ್ಲಿ 95ಕ್ಕೆ ಅಡ್ವಾನ್ಸ್ ಮೂರ್ನಾಲ್ಕು ಡಿಗ್ರಿ ಹೆಚ್ಚು ಕಂಡರೆ ನಿಮ್ಮ ಕಾರಿಗೆ ಅದು ತಿಳೀತಿದೆ ಅಂತ. ವ್ಯತ್ಯಾಸ ಅರ್ಧ ಡಿಗ್ರಿ ಅಂದ್ರೆ ಉಳಿತಾಯದವರ ಮಾತು ಕೇಳಿ.

ಮೈಲೇಜ್ ಅಳೆಯೋದಾದ್ರೆ ಡ್ಯಾಶ್‌ಬೋರ್ಡ್ ನಂಬಬೇಡಿ. ಒಂದೇ ಬಂಕು, ಒಂದೇ ಪಂಪು, ಮೊದಲ ಆಟೋ ಕಟ್‌ಗೆ ನಿಲ್ಲಿಸಿ, ಟೈರ್ ಗಾಳಿ ಒಂದೇ ಇರಲಿ, ಪ್ರತಿಯೊಂದಕ್ಕೂ ಕನಿಷ್ಠ ಎರಡು ಟ್ಯಾಂಕು.

ವಾಲ್ವ್ ವಾಸು
ಒಬಿಡಿ ಏನೂ ಬೇಡ, ಕಿವಿ ಸಾಕು. ಲೋಡ್ ಬಿದ್ದಾಗ ಟಕಟಕ ಅಂದ್ರೆ ಪೆಟ್ರೋಲ್ ಸರಿ ಇಲ್ಲ.

ಹುಬ್ಬಳ್ಳಿ ಗ್ಯಾರೇಜು
ಅಲ್ರೀ ವಾಸಣ್ಣ, ಟಕಟಕ ಅನ್ನೋ ಸದ್ದು ಹತ್ತು ಥರ ಇರತಾವ. ಐಡ್ಲಿಂಗ್‌ನ್ಯಾಗೂ ಟಕಟಕ ಅಂದ್ರ ಅದು ಟ್ಯಾಪೆಟ್ ಇಲ್ಲಾ ಇಂಜೆಕ್ಟರ್. ಡೈರೆಕ್ಟ್ ಇಂಜೆಕ್ಷನ್ ಗಾಡಿ ಹುಟ್ಟಾನೇ ಟಿಕ್ ಟಿಕ್ ಅಂತಾವ. ನಾಕಿಂಗ್ ಸದ್ದು ಜರಡಿ ಮ್ಯಾಲ ಕಾಳು ಕುಣಿದಂಗ ಇರತೈತಿ, ಏರಿನ್ಯಾಗ ತುಳಿದಾಗ ಬರತೈತಿ, ಕಾಲು ತೆಗೆದ ಕೂಡಲೇ ಬಂದ್. ಹೊಸಾ ಗಾಡಿಯೊಳಗ ಅದು ಕಿವಿಗೆ ಬೀಳೋಕಿಂತ ಮೊದಲೇ ಸೆನ್ಸರ್ ಹಿಡದು ಟೈಮಿಂಗ್ ಇಳಿಸಿರತೈತಿ. ಕಿವಿಗೆ ಕೇಳಿಸ್ತು ಅಂದ್ರ ಮಾತು ಆಗಲೇ ದೂರ ಹೋಗೇತಿ ಅಂತ.

ಇನ್ನೊಂದು. ಪೆಟ್ರೋಲ್ ಬೈಯೋಕ ಮೊದಲ ಇವನ್ನ ನೋಡ್ರಿ:
ಕೂಲೆಂಟ್ ಕಡಿಮಿ, ಇಲ್ಲಾ ಥರ್ಮೋಸ್ಟಾಟ್ ಸಿಕ್ಕೊಂಡೈತಿ. ಇಂಜಿನ್ ಬಿಸಿ, ನಾಕಿಂಗ್ ಬಂತು.
ಪ್ಲಗ್ ತಪ್ಪು ನಂಬರಿಂದು. ಎನ್‌ಜಿಕೆ, ಡೆನ್ಸೊ ಒಳಗ ನಂಬರ್ ದೊಡ್ಡದಾದಷ್ಟೂ ಪ್ಲಗ್ ತಂಪು, ಬಾಷ್ ಒಳಗ ಉಲ್ಟಾ. ಬ್ರ್ಯಾಂಡ್ ಬದಲಿ ಮಾಡುವಾಗ ಇದನ್ನ ಮರೆತು ಬಿಸಿ ಪ್ಲಗ್ ಹಾಕಿಬಿಡ್ತಾರ, ಅದರ ತುದಿ ಕೆಂಡ ಆಗಿ ಕಿಡಿ ಬರೋಕ ಮೊದಲ ಹೊತ್ತಿಸತೈತಿ.
ಇಂಟರ್‌ಕೂಲರ್ ಮುಂದ ಮಣ್ಣು, ಹುಳ ತುಂಬಿ ಗಾಳಿ ಆಡಂಗಿಲ್ಲ.
ಇನ್‌ಟೇಕ್ ಪೈಪ್ ಲೀಕ್ ಆಗಿ ಮಿಶ್ರಣ ಲೀನ್ (ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮಿ) ಆಗೇತಿ. ಒಬಿಡಿಯೊಳಗ ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ (ಇಸಿಯು ಪೆಟ್ರೋಲ್ ಹೆಚ್ಚು ಕಡಿಮಿ ಮಾಡಿದ ಲೆಕ್ಕ) ಶೇ. 10ರ ಮ್ಯಾಲ ಪ್ಲಸ್ ನಿಂತಿದ್ರ ಇದನ್ನ ಹುಡುಕ್ರಿ.
ಪಿಸ್ಟನ್ ತಲಿ ಮ್ಯಾಲ ಕಾರ್ಬನ್ ಕುಂತು ಕಂಪ್ರೆಶನ್ ಏರೇತಿ. ಬರೀ ಸಿಟಿಯೊಳಗ ಎರಡೆರಡು ಕಿಲೋಮೀಟರ್ ಓಡೋ ಗಾಡಿಗೆ ಇದು ಖಾಯಂ.

ನಾಕ್ ಸೆನ್ಸರ್ ಬಿಚ್ಚಿ ಹಾಕುವಾಗ ಟಾರ್ಕ್ ರೆಂಚ್ ಬೇಕೇ ಬೇಕು. ಸಾಮಾನ್ಯ 20 ನ್ಯೂಟನ್ ಮೀಟರ್. ಕೈ ಅಳತಿ ಮ್ಯಾಲ ಬಿಗದ್ರ, ತುಕ್ಕಿನ ಮ್ಯಾಲ ಕೂಡಿಸಿದ್ರ, ನಡುವ ವಾಷರ್ ಹಾಕಿದ್ರ ಅದು ಸುಳ್ಳು ಹೇಳತೈತಿ. ಪಿ0325, ಪಿ0327, ಪಿ0328 ಕೋಡ್ ಬಂದ್ರ ಅದು ಸೆನ್ಸರಿನ ಸರ್ಕೀಟು. ಸೆನ್ಸರ್ ಸತ್ತ ಮ್ಯಾಲ ಇಸಿಯು ಹೆದರಿ ಟೈಮಿಂಗ್ ಪೂರಾ ಇಳಿಸಿ ಇಡತೈತಿ. ಮಂದಿ "ಗಾಡಿ ಎಳ್ಯಾಂಗಿಲ್ಲ, ಬಂಕಿನಾಂವ ಕಲಬೆರಕೆ ಮಾಡ್ಯಾನ" ಅಂತಾರ. ನೂರು ಆಕ್ಟೇನ್ ಸುರಿದ್ರೂ ಅದು ಎಳ್ಯಾಂಗಿಲ್ಲ.

ವಾಲ್ವ್ ವಾಸು
ಆಯ್ತು ಸರ್, ಕಿವಿ ವಾಪಸ್ ತಗೊಂಡೆ.

ಪ್ಲಗ್ ಗ್ಯಾಪ್
ಹುಬ್ಬಳ್ಳಿಯವರಿಗೆ ಒಂದು ಸೇರ್ಪಡೆ. ಪ್ಲಗ್ ಬಿಚ್ಚಿದಾಗ ಬಿಳೀ ಪಿಂಗಾಣಿ ಮೇಲೆ ಮೆಣಸಿನ ಪುಡಿ ಉದುರಿಸಿದ ಹಾಗೆ ಕಪ್ಪು ಚುಕ್ಕೆ, ನಡುವೆ ಬೆಳ್ಳಿ ಬಣ್ಣದ ಸಣ್ಣ ಹರಳು ಕಂಡರೆ ನಿಲ್ಲಿಸಿ. ಆ ಬೆಳ್ಳಿ ಹರಳು ಪಿಸ್ಟನ್ನಿನ ಅಲ್ಯೂಮಿನಿಯಂ. ಅಲ್ಲಿಗೆ ಬಂದ ಮೇಲೆ ಆಕ್ಟೇನ್ ಚರ್ಚೆ ಮುಗೀತು, ಇಂಜಿನ್ ಬಿಚ್ಚೋ ಚರ್ಚೆ ಶುರು.

ಫ್ರೀಮಾಂಟ್ ಪುಟ್ಟಣ್ಣ
ಒಂದು ಗೊಂದಲ. ಇಲ್ಲಿ ಅಮೆರಿಕದಲ್ಲಿ 87 ಸಾದಾ, 91 ಪ್ರೀಮಿಯಂ. ಭಾರತದಲ್ಲಿ ಸಾದಾನೇ 91 ಅಂದ್ರೆ ನಿಮ್ಮ ಸಾದಾ ನಮ್ಮ ಪ್ರೀಮಿಯಂಗೆ ಸಮ ಆಯ್ತಲ್ಲ?

ಟೈಮಿಂಗ್ ಚೈನ್
ಇಲ್ಲ, ಇದರಲ್ಲೇ ಎಲ್ಲರೂ ಮುಗ್ಗರಿಸೋದು. ಅಳತೆಗೋಲು ಬೇರೆ. ಭಾರತ, ಯುರೋಪ್, ಗಲ್ಫ್‌ಗಳಲ್ಲಿ ಬೋರ್ಡಿನ ಮೇಲಿರೋದು ಆರ್‌ಒಎನ್ (ರಿಸರ್ಚ್ ಆಕ್ಟೇನ್ ನಂಬರ್). ಅಮೆರಿಕದ ಪಂಪಿನ ಮೇಲಿರೋದು ಆರ್‌ಒಎನ್ ಮತ್ತು ಎಂಒಎನ್ (ಮೋಟಾರ್ ಆಕ್ಟೇನ್ ನಂಬರ್) ಎರಡರ ಸರಾಸರಿ. ಪಂಪಿನ ಹಳದಿ ಚೀಟಿಯಲ್ಲಿ ಆ ಸೂತ್ರವೇ ಅಚ್ಚಾಗಿರುತ್ತೆ, ನೋಡಿ.

ಎರಡನ್ನೂ ಒಂದೇ ಸಿಲಿಂಡರಿನ ಪರೀಕ್ಷಾ ಇಂಜಿನ್‌ನಲ್ಲಿ ಅಳೀತಾರೆ. ಆರ್‌ಒಎನ್‌ಗೆ 600 ಆರ್‌ಪಿಎಂ. ಎಂಒಎನ್‌ಗೆ 900 ಆರ್‌ಪಿಎಂ, ಜೊತೆಗೆ ಮಿಶ್ರಣವನ್ನ 149 ಡಿಗ್ರಿಗೆ ಕಾಯಿಸಿ ಒಳಗೆ ಬಿಡ್ತಾರೆ. ಎಂಒಎನ್ ಕಷ್ಟದ ಪರೀಕ್ಷೆ, ಅದಕ್ಕೇ ಅಂಕಿ ಕಡಿಮೆ. ನಮ್ಮ ಬಿಎಸ್6 ಮಾನದಂಡದಲ್ಲಿ ಸಾದಾಗೆ ಆರ್‌ಒಎನ್ 91, ಎಂಒಎನ್ 81; ಪ್ರೀಮಿಯಂಗೆ 95 ಮತ್ತು 85. ಸರಾಸರಿ ತೆಗೆದರೆ 86 ಮತ್ತು 90. ಅಂದ್ರೆ ನಮ್ಮ 91 ನಿಮ್ಮ 87ರ ಹತ್ತಿರ, ನಮ್ಮ 95 ನಿಮ್ಮ 91ರ ಹತ್ತಿರ. ಅಮೆರಿಕದ ವಿಡಿಯೊ ನೋಡಿ "91 ಪ್ರೀಮಿಯಂ" ಅಂದ್ಕೊಂಡು ಸಾದಾ ಹಾಕಿದವರು, "87 ಸಾಕು ಅಂದ್ರು" ಅಂತ ಹೆದರಿದವರು ಇಬ್ಬರಿಗೂ ಇದೇ ಉತ್ತರ.

ನಿಮ್ಮಲ್ಲಿ ಮ್ಯಾನ್ಯುಯಲ್‌ನಲ್ಲಿ "ರಿಕ್ವೈರ್ಡ್" ಅಂತಿದೆಯೋ "ರೆಕಮೆಂಡೆಡ್" ಅಂತಿದೆಯೋ ನೋಡಿ. ಮೊದಲನೆಯದಾದರೆ ಅದಕ್ಕಿಂತ ಕೆಳಗೆ ಹಾಕಲೇಬಾರದು. ಎರಡನೆಯದು ನಮ್ಮ 95/91 ಕಥೆ.

ಶಾರ್ಜಾ ಸೀಮೆಯವ
ಯುಎಇಯಲ್ಲಿ ಸೂಪರ್ 98, ಸ್ಪೆಷಲ್ 95, ಇ-ಪ್ಲಸ್ 91. ಇ-ಪ್ಲಸ್ ಅಂದ ಕೂಡಲೇ ಇಥನಾಲ್ ಅಂದ್ಕೋಬೇಡಿ, ಅದು ಹೆಸರಷ್ಟೇ. ಕತಾರ್‌ಗೆ ಹೋದ್ರೆ ಇನ್ನೂ ಮಜಾ: ಅಲ್ಲಿ "ಪ್ರೀಮಿಯಂ" ಅಂದ್ರೆ 91, "ಸೂಪರ್" ಅಂದ್ರೆ 95. ಹೆಸರು ನೋಡಿ ಪ್ರೀಮಿಯಂ ಹಾಕಿಸಿದ್ರೆ ಕಡಿಮೇದೇ ಬೀಳುತ್ತೆ. ಸೌದಿಯಲ್ಲಿ ಹಸಿರು 91, ಕೆಂಪು 95. ಹೆಸರು ಬಿಟ್ಟು ಅಂಕಿ ಓದಿ.

ಹನ್ನೆರಡಕ್ಕೆ ಒಂದು
ಎಲ್ಲಾ ಬಿಡಿ, ಸುಲಭ ಸೂತ್ರ: ಕಂಪ್ರೆಶನ್ ರೇಶಿಯೊ (ಪಿಸ್ಟನ್ ಮಿಶ್ರಣವನ್ನ ಎಷ್ಟು ಪಟ್ಟು ಒತ್ತುತ್ತೆ ಅನ್ನೋದು) 10ರೊಳಗೆ ಇದ್ರೆ 91, 11ರ ಮೇಲೆ ಇದ್ರೆ 95, 12ರ ಮೇಲೆ 97.

ಪ್ಲಗ್ ಗ್ಯಾಪ್
ಕಾರ್ಬ್ಯುರೇಟರ್ ಕಾಲದ ಸೂತ್ರ ಇದು. ಮಾರುತಿಯ 1.5 ಲೀಟರ್ ಕೆ15ಸಿ ಇಂಜಿನ್ ಕಂಪ್ರೆಶನ್ 12, ಸಾದಾ ಪೆಟ್ರೋಲ್ ಕುಡ್ಕೊಂಡು ಊರೆಲ್ಲಾ ಓಡ್ತಿದೆ. ಹೋಂಡಾ ಸಿಟಿ ಹೈಬ್ರಿಡ್‌ನದು 13.5, ಅದಕ್ಕೂ 97 ಯಾರೂ ಕೇಳಿಲ್ಲ. ಹೈಬ್ರಿಡ್‌ಗಳಲ್ಲಿ ಅಟ್ಕಿನ್ಸನ್ ಪದ್ಧತಿ, ಇನ್‌ಟೇಕ್ ವಾಲ್ವ್ ತಡವಾಗಿ ಮುಚ್ಚುತ್ತೆ. ಎಳೆದ ಗಾಳಿಯಲ್ಲಿ ಒಂದಷ್ಟು ವಾಪಸ್ ಹೋಗಿಬಿಡುತ್ತೆ, ನಿಜವಾಗಿ ಒತ್ತಿಸಿಕೊಳ್ಳೋದು ಕಾಗದದ ಮೇಲಿನ ಅಂಕಿಗಿಂತ ಕಡಿಮೆ. ಇತ್ತ ಈ ಕೇಳಿದವರ ಥರದ ಟರ್ಬೊದಲ್ಲಿ ರೇಶಿಯೊ ಬರೀ 10.5 ಇರಬಹುದು, ಮೇಲೆ ಬೂಸ್ಟ್ ಬಂದು ಕೂತ್ರೆ 95 ಕೇಳುತ್ತೆ. ಬ್ರೋಶರಿನ ರೇಶಿಯೊ ನೋಡಿ ಆಕ್ಟೇನ್ ಹೇಳೋದು, ಚಪ್ಪಲಿ ಸೈಜ್ ನೋಡಿ ಜಾತಕ ಬರೆದ ಹಾಗೆ.

ಹನ್ನೆರಡಕ್ಕೆ ಒಂದು
ಹಾಗಾದ್ರೆ ನನ್ನ ಆರ್15 ಬೈಕಿಗೆ? 11.6 ಇದೆ.

ಪ್ಲಗ್ ಗ್ಯಾಪ್
ಟ್ಯಾಂಕ್ ಮೇಲೆ, ಮ್ಯಾನ್ಯುಯಲ್‌ನಲ್ಲಿ ಏನಿದೆ ಅದು. ಲಿಕ್ವಿಡ್ ಕೂಲಿಂಗ್, ಸಣ್ಣ ಬೋರ್, ಉರಿ ಹರಡೋ ದಾರಿ ಗಿಡ್ಡ, ನಾಕಿಂಗ್‌ಗೆ ಹೊತ್ತೇ ಸಿಗಲ್ಲ.

ಜಕ್ಕೂರು ರನ್‌ವೇ
ಏವಿಯೇಶನ್ ಪೆಟ್ರೋಲ್ 100 ಆಕ್ಟೇನ್ ಅಲ್ವಾ, ಅದು ಸಿಕ್ರೆ ಕಾರಿಗೆ ಹಾಕಬಹುದಾ? ಸುಮ್ನೆ ಕೇಳ್ದೆ.

ಹುಬ್ಬಳ್ಳಿ ಗ್ಯಾರೇಜು
ಸುಮ್ನೆ ಕೇಳಿದ್ದು ಚಲೋ ಆತು. 100ಎಲ್‌ಎಲ್ ಅಂದ್ರ "ಲೋ ಲೆಡ್", ಅದರೊಳಗ ಸೀಸ ಐತಿ. ಎರಡು ಟ್ಯಾಂಕಿನ್ಯಾಗ ಆಕ್ಸಿಜನ್ ಸೆನ್ಸರ್, ಕ್ಯಾಟಲಿಟಿಕ್ ಕನ್ವರ್ಟರ್ ಎರಡೂ ಸೀಸ ಹತ್ತಿ ಸಾಯ್ತಾವ. ನಮ್ಮ ದೇಶದಾಗ ಗಾಡಿ ಪೆಟ್ರೋಲಿನಿಂದ ಸೀಸ ಪೂರಾ ತೆಗೆದದ್ದು 2000ದೊಳಗ, ಅದನ್ನ ವಾಪಸ್ ತರೋದು ಬ್ಯಾಡ.

ಬುಲೆಟ್ ಬಸಣ್ಣ
ಆಕ್ಟೇನ್ ಬೂಸ್ಟರ್ ಬಾಟಲ್ ಬಗ್ಗೆ ಯಾರೂ ಹೇಳಲಿಲ್ಲ. "30 ಪಾಯಿಂಟ್ ಏರಿಸುತ್ತೆ" ಅಂತ ಬರೆದಿರುತ್ತೆ. 91 ಹೋಗಿ 121?

ಲೆಕ್ಕದ ಪುಸ್ತಕ
ಆ ವ್ಯಾಪಾರದಲ್ಲಿ ಒಂದು ಪಾಯಿಂಟ್ ಅಂದ್ರೆ 0.1. 30 ಪಾಯಿಂಟ್ ಅಂದ್ರೆ 3 ಆಕ್ಟೇನ್, 91 ಹೋಗಿ 94. ಅದೂ ಬಾಟಲಿ ಮೇಲೆ ಹೇಳಿದಷ್ಟೇ ಲೀಟರಿಗೆ ಬೆರೆಸಿದಾಗ. 95 ಹಾಕಿಸೋದೇ ಅಗ್ಗ.

ಪ್ಲಗ್ ಗ್ಯಾಪ್
ಮ್ಯಾಂಗನೀಸ್ ಇರೋ ಬೂಸ್ಟರ್ ಆದ್ರೆ ಪ್ಲಗ್ ತುದಿ ಇಟ್ಟಿಗೆ ಕೆಂಪು ಬಣ್ಣಕ್ಕೆ ತಿರುಗುತ್ತೆ. ಆ ಪದರ ದಪ್ಪ ಆದಾಗ ಕಿಡಿ ತಪ್ಪುತ್ತೆ. ಕಾರ್ಬನ್ ತೊಳೆಯೋ ಕ್ಲೀನರ್ ಬೇರೆ, ಬೂಸ್ಟರ್ ಬೇರೆ. ಕ್ಲೀನರ್ ತಗೊಂಡ್ರೆ ಪಾಲಿಈಥರ್‌ಅಮೀನ್ ಅಂತಿರೋದು ತಗೊಳ್ಳಿ. ಮತ್ತೊಂದು ಮಾತು, ಡೈರೆಕ್ಟ್ ಇಂಜೆಕ್ಷನ್‌ನಲ್ಲಿ ಪೆಟ್ರೋಲ್ ಇನ್‌ಟೇಕ್ ವಾಲ್ವ್ ಮೇಲೆ ಬೀಳೋದೇ ಇಲ್ಲ. ಟ್ಯಾಂಕಿಗೆ ಏನೇ ಸುರಿದ್ರೂ ಆ ವಾಲ್ವಿನ ಹಿಂದಿನ ಮಸಿ ಅಲುಗಾಡಲ್ಲ. ಇಂಜೆಕ್ಟರ್ ತುದಿ, ಪಿಸ್ಟನ್ ತಲೆಗೆ ಮಾತ್ರ ಉಪಯೋಗ.

ಕುಡ್ಲದ ಸ್ಟೇರಿಂಗ್
ಡೀಸೆಲಿಗೆ ಎಷ್ಟು ಆಕ್ಟೇನ್ ಬೇಕು?

ಉಳಿತಾಯ ಖಾತೆ
ಈಗ ಶುರುವಾಯ್ತು ನೋಡಿ.

ಟೈಮಿಂಗ್ ಚೈನ್
ಡೀಸೆಲಿಗೆ ಸೀಟೇನ್. ಅದು ಉಲ್ಟಾ, ಬೇಗ ತಾನಾಗಿ ಹೊತ್ತಿಕೊಳ್ಳಬೇಕು, ಬಿಎಸ್6 ಡೀಸೆಲಿಗೆ ಕನಿಷ್ಠ 51. ಪೆಟ್ರೋಲ್ ಕಾರಿಗೆ ತಪ್ಪಿ ಡೀಸೆಲ್ ಹಾಕಿದ್ರೆ ಕೀ ತಿರುಗಿಸಬೇಡಿ, ತಳ್ಳಿ ಪಕ್ಕಕ್ಕೆ ಇಟ್ಟು ಟ್ಯಾಂಕ್ ಖಾಲಿ ಮಾಡಿಸಿ. ಸ್ವಲ್ಪ ಬೆರೆತರೂ ಆಕ್ಟೇನ್ ಪಾತಾಳಕ್ಕೆ ಇಳಿಯುತ್ತೆ.

ಮೊದಲು ಕೇಳಿದವರಿಗೆ ಇನ್ನೊಂದು ಹೇಳಬೇಕು. ಘಾಟಿಯಲ್ಲಿ 1500 ಆರ್‌ಪಿಎಂ ಇರೋವಾಗ ನಾಲ್ಕನೇ ಐದನೇ ಗೇರಿನಲ್ಲೇ ಆಕ್ಸಿಲರೇಟರ್ ಒತ್ತೋ ಅಭ್ಯಾಸ ಬೇಡ. ಸಣ್ಣ ಟರ್ಬೊ ಡೈರೆಕ್ಟ್ ಇಂಜೆಕ್ಷನ್‌ನಲ್ಲಿ ಆಗ ಬರೋದು ಬೇರೆ ರೋಗ: ಆಯಿಲ್ ಹನಿ ಅಥವಾ ಮಸಿ ಚೂರು ಕಿಡಿಗೆ ಮುಂಚೆಯೇ ಹೊತ್ತಿಸಿಬಿಡುತ್ತೆ. ಒಂದೇ ಏಟಿಗೆ ಪಿಸ್ಟನ್ನಿನಲ್ಲಿ ರಿಂಗ್ ಕೂರೋ ತೋಡಿನ ಅಂಚು ಮುರೀಬಹುದು. ಟೈಮಿಂಗ್ ತಡ ಮಾಡಿ ಇದನ್ನ ತಡೆಯೋಕೆ ಇಸಿಯುಗೂ ಆಗಲ್ಲ, ಯಾಕಂದ್ರೆ ಹೊತ್ತಿಸಿದ್ದು ಕಿಡಿಯೇ ಅಲ್ಲ. 95 ಹಾಕಿದ ಮಾತ್ರಕ್ಕೆ ವಾಸಿಯೂ ಆಗಲ್ಲ. ಗೇರ್ ಇಳಿಸಿ 2500 ಮೇಲೆ ಇಟ್ಟುಕೊಳ್ಳಿ. ಆಯಿಲ್ ಡಬ್ಬಿಯ ಮೇಲೆ ಕಾರಿನವರು ಹೇಳಿದ ಗ್ರೇಡಿನ ಜೊತೆ ಎಪಿಐ ಎಸ್‌ಪಿ ಅಂತಿರೋದು ನೋಡಿ. ಎಸ್‌ಎನ್ ಪ್ಲಸ್, ಎಸ್‌ಪಿ ದರ್ಜೆಗಳನ್ನ ಈ ರೋಗಕ್ಕೂ ಪರೀಕ್ಷೆ ಮಾಡಿರ್ತಾರೆ, ಹಳೇ ಎಸ್‌ಎನ್‌ಗೆ ಆ ಪರೀಕ್ಷೆ ಇರಲಿಲ್ಲ.

ವಾಲ್ವ್ ವಾಸು
ಬಂಕಿನಲ್ಲಿ ಡೆನ್ಸಿಟಿ ನೋಡಿದ್ರೆ ಆಕ್ಟೇನ್ ಗೊತ್ತಾಗುತ್ತಾ?

ಲೆಕ್ಕದ ಪುಸ್ತಕ
ಆಗಲ್ಲ. 91ಕ್ಕೂ 95ಕ್ಕೂ ಡೆನ್ಸಿಟಿ ಮಿತಿ ಒಂದೇ, 15 ಡಿಗ್ರಿಯಲ್ಲಿ 720ರಿಂದ 775. ಡೆನ್ಸಿಟಿ ಕೇಳಬೇಕಾದ್ದು ಕಲಬೆರಕೆ ಅನುಮಾನಕ್ಕೆ: ಬಂಕಿನ ರಿಜಿಸ್ಟರಿನಲ್ಲಿ ಬರೆದಿರೋದಕ್ಕೂ ಈಗ ಅಳೆದದ್ದಕ್ಕೂ 3ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಫಿಲ್ಟರ್ ಪೇಪರ್ ಕೂಡ ಕೇಳಬಹುದು. ನಾಜಲ್ ತುದಿ ಒರೆಸಿ ಒಂದು ಹನಿ ಬಿಡಿ, ಎರಡು ನಿಮಿಷದಲ್ಲಿ ಆರಿ ಕಲೆ ಉಳಿಯಬಾರದು. ಉಳಿದರೆ ಸೀಮೆಎಣ್ಣೆ ಅಥವಾ ಡೀಸೆಲ್ ಇದೆ ಅಂತ.

ಇಥನಾಲ್ ಎಷ್ಟಿದೆ ನೋಡಬೇಕಾದ್ರೆ ಮುಚ್ಚಳ ಇರೋ 100 ಮಿ.ಲೀ. ಗಾಜಿನ ಅಳತೆ ಸಿಲಿಂಡರ್ ತಗೊಳ್ಳಿ. ಬಯಲಲ್ಲಿ, ಬೆಂಕಿಯಿಂದ ದೂರ. 10 ಮಿ.ಲೀ. ನೀರು, ಮೇಲೆ 90 ಮಿ.ಲೀ. ಪೆಟ್ರೋಲ್. ಮುಚ್ಚಿ ಹತ್ತು ಸಲ ಮೆಲ್ಲಗೆ ತಲೆಕೆಳಗು ಮಾಡಿ, ನಡುನಡುವೆ ಮುಚ್ಚಳ ಸಡಿಲಿಸಿ ಆವಿ ಬಿಡಿ, ಹತ್ತು ನಿಮಿಷ ನಿಲ್ಲಿಸಿ. ಇಥನಾಲ್ ನೀರಿನ ಜೊತೆ ಕೆಳಗೆ ಇಳಿಯುತ್ತೆ. ಕೆಳಗಿನ ಪದರ 10ರಲ್ಲೇ ನಿಂತರೆ ಇಥನಾಲ್ ಇಲ್ಲ, 19ರ ಹತ್ತಿರ ಬಂದ್ರೆ ಇ10, 28ರ ಹತ್ತಿರ ಬಂದ್ರೆ ಇ20. ಒಂದೆರಡು ಮಿ.ಲೀ. ಕಡಿಮೆ ಕಾಣೋದು ಸಹಜ. ಆ ಪೆಟ್ರೋಲ್ ವಾಪಸ್ ಟ್ಯಾಂಕಿಗೆ ಸುರೀಬೇಡಿ.

ಬಿಸಿಲೂರು ರಾಯಚೂರು
95ರೊಳಗ ಇಥನಾಲ್ ಇರಂಗಿಲ್ಲ ಅಂತಾರಲ್ರಿ?

ಲೆಕ್ಕದ ಪುಸ್ತಕ
ಇರುತ್ತೆ. ಆಕ್ಟೇನ್ ಹೆಚ್ಚು ಅಂದ ಮಾತ್ರಕ್ಕೆ ಇಥನಾಲ್ ಇಲ್ಲ ಅಂತ ಅಲ್ಲ, ಎಷ್ಟೋ ಸಲ ಇಥನಾಲಿನಿಂದಲೇ ಆಕ್ಟೇನ್ ಏರಿರುತ್ತೆ. ಇಥನಾಲ್ ಇಲ್ಲದ್ದು ಅಂತ ಜನ ಹುಡುಕಿಕೊಂಡು ಹೋಗೋದು ಎಕ್ಸ್‌ಪಿ100 (ಇಂಡಿಯನ್ ಆಯಿಲ್‌ನ 100 ಆಕ್ಟೇನ್ ಪೆಟ್ರೋಲ್) ಥರದ್ದನ್ನ. ಹಾಕಿಸೋ ಮುಂಚೆ ನಾಜಲ್ ಮೇಲಿನ ಸ್ಟಿಕರ್ ಓದಿ.

ಎರಡನೇ ಗೇರು
ಎಲ್ಲರಿಗೂ ಧನ್ಯವಾದ. ಹಾಗಾದ್ರೆ ಸಿಟಿಗೆ ಸಾದಾ, ಮಂಗಳೂರಿನಿಂದ ಹೊರಡುವಾಗ ಕಾಲು ಟ್ಯಾಂಕಿಗೆ ಇಳಿಸಿ 95. ಒಬಿಡಿ ಡಾಂಗಲ್ ಆರ್ಡರ್ ಮಾಡಿದೆ. ಈಗ ಸ್ಟಿಕರ್ ಮತ್ತೆ ನೋಡಿದೆ, 95/91 ಕೆಳಗೆ ಒಂದು ದುಂಡನೆ ಗುರುತಿನೊಳಗೆ "ಇ10" ಅಂತಲೂ ಇದೆ. ಇ20 ಅಂತ ಇಲ್ಲ. 2021ರ ಕಾರು.

ಪ್ಲಗ್ ಗ್ಯಾಪ್
ಅದನ್ನ ಮೊದಲೇ ಹೇಳಬಾರದಿತ್ತಾ! ನಿಮ್ಮ ನಿಜವಾದ ಪ್ರಶ್ನೆ ಅದು.

ಟೈಮಿಂಗ್ ಚೈನ್
ಗಾಬರಿ ಬೇಡ. ಇ20 ತಾಳೋ ರಬ್ಬರು, ಪ್ಲಾಸ್ಟಿಕ್ ಹಾಕಿದ ಕಾರು ಸಾಮಾನ್ಯವಾಗಿ 2023ರ ಏಪ್ರಿಲ್ ನಂತರದವು, ನಿಮ್ಮದು ಅದಕ್ಕೆ ಮುಂಚಿನದು. ಮೈಲೇಜ್ ಒಂದಿಷ್ಟು ಇಳಿಯೋದು ಖಚಿತ, ಲೀಟರ್ ಇಥನಾಲಿನಲ್ಲಿ ಪೆಟ್ರೋಲಿನ ಮೂರನೇ ಎರಡು ಪಾಲು ಶಕ್ತಿ ಮಾತ್ರ. ಇ10ರಿಂದ ಇ20ಗೆ ಲೆಕ್ಕಕ್ಕೆ ಶೇ. 3ರಿಂದ 4. ಕಂಪನಿಗೆ ಚಾಸಿಸ್ ನಂಬರ್ ಕೊಟ್ಟು ಇ20 ನಡೆಯುತ್ತಾ ಅಂತ ಇಮೇಲ್‌ನಲ್ಲಿ ಕೇಳಿ, ಉತ್ತರ ಇಟ್ಕೊಳ್ಳಿ. ವಾರಂಟಿ ಮಾತು ಬಂದಾಗ ಬಾಯಿಮಾತು ನಡೆಯಲ್ಲ.

ತಿಂಗಳುಗಟ್ಟಲೆ ನಿಲ್ಲಿಸೋದಾದ್ರೆ ಅರ್ಧ ಟ್ಯಾಂಕಲ್ಲಿ ನಿಲ್ಲಿಸಬೇಡಿ. ಖಾಲಿ ಜಾಗದ ತೇವ ಇಥನಾಲ್ ಎಳ್ಕೊಳ್ಳುತ್ತೆ, ಮಿತಿ ಮೀರಿದ್ರೆ ನೀರೂ ಇಥನಾಲೂ ಒಟ್ಟಿಗೆ ಟ್ಯಾಂಕಿನ ತಳಕ್ಕೆ ಕೂರುತ್ತೆ. ಮೇಲುಳಿದ ಪೆಟ್ರೋಲಿನ ಆಕ್ಟೇನ್ ಅಷ್ಟು ಕೆಳಗೆ. ಇಥನಾಲ್ ಇಲ್ಲದ 100 ಆಕ್ಟೇನಿಗೆ ದುಡ್ಡು ಕೊಡೋದಾದ್ರೆ ಇಂಥ ಹೊತ್ತಿಗೆ ಕೊಡಿ.

ಹುಬ್ಬಳ್ಳಿ ಗ್ಯಾರೇಜು
ಮುಂದಿನ ಸರ್ವಿಸಿಗೆ ಗಾಡಿ ಲಿಫ್ಟ್ ಮ್ಯಾಲ ಏರಿಸಿದಾಗ ಟ್ಯಾಂಕಿನ ಕುತ್ತಿಗಿಂದ ಬರೋ ಹೋಸ್, ಫಿಲ್ಟರಿನ ಎರಡೂ ಕಡೆ ಜೋಡಣಿ ಕೈ ಆಡಿಸಿ ನೋಡಸ್ರಿ. ರಬ್ಬರ್ ಉಬ್ಬಿ ಮೆತ್ತಗಾಗಿದ್ರ, ಬೆವತಂಗ ಒದ್ದಿ ಇದ್ರ, ಪೆಟ್ರೋಲ್ ವಾಸನಿ ಬಂದ್ರ ಬದಲಿಸ್ರಿ. ಹೋಸ್ ಕೊಳ್ಳುವಾಗ ಇ20ಕ್ಕ ಆಗೋದು ಕೊಡ್ರಿ ಅಂತ ಬಾಯಿ ಬಿಟ್ಟು ಕೇಳ್ರಿ, ಅಂಗಡ್ಯಾಂವ ಹಳೇ ಸ್ಟಾಕ್ ಮೊದಲ ಕೈಗೆ ಕೊಡ್ತಾನ.